ಮೀಸೆ ಮೀನಿಗೆ ಗಾಳ



ಸುಗ್ಗಿ ಮುಗಿಯಿತು. ಕಣದ ರಾಶಿ ಮನೆ ಸೇರಿತು. ಹೊಲದಲ್ಲಿ ಕೆಲಸ ಕಡಿಮೆ, ಕೆರೆಯಲ್ಲಿ ನೀರೂ ಕಡಿಮೆ. ಇಂಥ ದಿನಗಳಲ್ಲಿ ಸಂಜೆಯಾದರೆ ಸಾಕು, ಊರ ಹುಡುಗರು ಬಿದಿರುಕೋಲು ಹೆಗಲಿಗೇರಿಸಿ ಕೆರೆಯ ಏರಿ ಕಡೆ ಹೊರಡುತ್ತಾರೆ. ದೊಡ್ಡವರು ಹೋಗುವುದೂ ಉಂಟು. "ಹಂಗೇ ಗಾಳಿಗೆ ಹೋಗಿದ್ದೆ" ಎಂದು ಮನೆಯಲ್ಲಿ ಹೇಳಿದರೂ ಅವರ ಕೈಯಲ್ಲಿ ಎರೆಹುಳುವಿನ ಕರಟ ಇದ್ದೇ ಇರುತ್ತದೆ. ಈ ಹೊತ್ತು ನಾನು ಹೇಳಬೇಕೆಂದಿರುವುದು ಆ ಗಾಳದ ವಿಚಾರವನ್ನೇ. ಅದರಲ್ಲೂ ಮೀಸೆ ಮೀನುಗಳಿಗೆ ಹಾಕುವ ಗಾಳ, ಅದರ ದಾರ, ಕೊಕ್ಕೆ, ಎರೆ, ಇವುಗಳ ವಿಚಾರ.

"ಗಾಳ ಹಾಕುವುದನ್ನು ಹೇಳಿಕೊಡಬೇಕೇ? ಅದು ನಮ್ಮ ಹುಡುಗರಿಗೆ ಹುಟ್ಟಿನಿಂದಲೇ ಬರುತ್ತದೆ" ಎಂದು ನೀವು ಕೇಳಬಹುದು. ನಿಜ. ಆದರೆ ಗಾಳದಲ್ಲಿ ಎರಡು ಬಗೆ ಉಂಟು. ಸಿಕ್ಕಿದ್ದನ್ನೆಲ್ಲ ಎಳೆಯುವ ಗಾಳ ಒಂದು. ಬೇಕಾದದ್ದನ್ನು ಮಾತ್ರ ಎಳೆದು, ಬೇಡದ್ದನ್ನು ಕೆರೆಗೇ ಬಿಡುವ ಗಾಳ ಇನ್ನೊಂದು. ಈ ಎರಡನೆಯ ಗಾಳವನ್ನು ಕಲಿಯಬೇಕು. ಏಕೆ ಎಂಬುದನ್ನು ಮೊದಲು ಹೇಳುತ್ತೇನೆ.

ನಾನು ಹುಡುಗನಾಗಿದ್ದಾಗ ಒಂದು ಬೇಸಿಗೆಯಲ್ಲಿ ನಮ್ಮೂರ ಕೆರೆ ಬತ್ತಿ, ತೂಬಿನ ಮುಂದೆ ಒಂದು ಮಡು ಮಾತ್ರ ಉಳಿದಿತ್ತು. ಕೆರೆಯ ಮೀನೆಲ್ಲ ಆ ಮಡುವಿಗೆ ಬಂದು ಸೇರಿತ್ತು. ಒಂದು ರಾತ್ರಿ ಯಾರೋ ಅದಕ್ಕೆ ಪೈರಿಗೆ ಹೊಡೆಯುವ ಔಷಧಿ ಸುರಿದರು. ಬೆಳಗ್ಗೆ ನೋಡಿದರೆ ನೀರಿನ ಮೇಲೆಲ್ಲ ಬಿಳಿ ಹೊಟ್ಟೆಗಳು. ಸುರಿದವರು ಒಂದೆರಡು ಬುಟ್ಟಿ ದೊಡ್ಡ ಮೀನು ಆರಿಸಿಕೊಂಡು ಹೋಗಿದ್ದರು. ಬೆರಳುದ್ದದ ಮರಿಗಳು, ಮೊಟ್ಟೆ ತುಂಬಿದ ಹೆಣ್ಣುಗಳು, ಏಡಿ, ಕಪ್ಪೆ, ಎಲ್ಲವೂ ದಡದಲ್ಲಿ ಕೊಳೆತವು. ಆ ನೀರು ಕುಡಿದ ಎರಡು ದನ ಮಲಗಿಬಿಟ್ಟವು. ಅವನ್ನು ಉಳಿಸಿಕೊಳ್ಳುವಷ್ಟರಲ್ಲಿ ಆ ಮನೆಯವರು ಹಣ್ಣಾಗಿಹೋದರು. ಮುಂದೆ ಮೂರು ಮಳೆಗಾಲ ಆ ಕೆರೆಯಲ್ಲಿ ಗಾಳ ಹಾಕಿದರೆ ಬೆಂಡು ಅಲ್ಲಾಡಲಿಲ್ಲ.

ನಮ್ಮ ಬೀದಿಯಲ್ಲಿ ಗಾಳದಲ್ಲಿ ನುರಿತ ಒಬ್ಬ ತಾತ ಇದ್ದರು. ಅವರ ಕೊಕ್ಕೆ ನಮ್ಮ ಕೊಕ್ಕೆಗಿಂತ ದೊಡ್ಡದು. ಒಂದು ಸಂಜೆ ನಾನು ಕೇಳಿದೆ: "ತಾತ, ಇಷ್ಟು ದೊಡ್ಡ ಕೊಕ್ಕೆ ಹಾಕಿದ್ರೆ ಸಣ್ಣ ಮೀನು ಸಿಗೋದೇ ಇಲ್ವಲ್ಲ?"

ತಾತ ದಾರದಿಂದ ಕಣ್ಣು ತೆಗೆಯದೆ ಹೇಳಿದರು: "ಸಿಗಬಾರದು ಅಂತಾನೇ ಹಾಕಿರೋದು ಮಗ. ಮುಂದಿನ ವರ್ಷದ ಸಾರನ್ನ ಈ ವರ್ಷವೇ ಉಣ್ಣೋಕಾಯ್ತದಾ?"

ನಾನು ಇಂದು ಹೇಳುವ ಮಾತೆಲ್ಲ ತಾತನ ಆ ಒಂದು ಮಾತಿನ ವಿಸ್ತಾರ ಎಂದುಕೊಳ್ಳಿ. ವಿಷ ಆರಿಸುವುದಿಲ್ಲ, ಸಿಡಿಮದ್ದು ಆರಿಸುವುದಿಲ್ಲ. ಗಾಳ ಆರಿಸುತ್ತದೆ, ಆದರೆ ಹಿಡಿದವನು ಆರಿಸಲು ಬಲ್ಲವನಾಗಿರಬೇಕು. ಮೀನು ತಿನ್ನದ ಮನೆಯವರೂ ಇದನ್ನು ಕೇಳಬೇಕು. ಕೆರೆಯ ಮೀನು ಕೆಲವರದಾದರೂ ಕೆರೆಯ ನೀರು ಎಲ್ಲರದು.

ಮೊದಲು ಮೀನಿನ ಪರಿಚಯ ಮಾಡಿಕೊಳ್ಳೋಣ. ಮೈಮೇಲೆ ಪೊರೆಯಿಲ್ಲದ, ಬಾಯ ಸುತ್ತ ಮೀಸೆಯಿರುವ ಮೀನುಗಳೆಲ್ಲ ಒಂದು ಬಳಗ. ಹೆಸರುಗಳು ಸೀಮೆಯಿಂದ ಸೀಮೆಗೆ ಬೇರೆಯಾಗುತ್ತವೆ. ಆದ್ದರಿಂದ ಹೆಸರಿಗಿಂತ ರೂಪವನ್ನು ಗಮನಿಸಿ.

ಬಾಳೆ ಮೀನು ಈ ಬಳಗದ ಯಜಮಾನ. ಬೆಳ್ಳಿ ಬಣ್ಣದ ಚಪ್ಪಟೆ ಮೈ, ಕಣ್ಣಿನಿಂದಾಚೆಗೂ ಸೀಳಿದ ದೊಡ್ಡ ಬಾಯಿ, ಬಾಯ ತುಂಬ ಚೂಪು ಹಲ್ಲು. ಹೊಟ್ಟೆಯಡಿಯ ರೆಕ್ಕೆ ಬಾಲದವರೆಗೂ ಚಾಚಿರುತ್ತದೆ. ಒಂದು ಗಜ ಮೀರಿ ಬೆಳೆಯುತ್ತದೆ. ದೊಡ್ಡ ಕೆರೆಗಳಲ್ಲಿ, ಹೊಳೆಯ ಮಡುಗಳಲ್ಲಿ, ತುಂಗಭದ್ರೆಯಂಥ ಜಲಾಶಯಗಳಲ್ಲಿ ಇದರ ವಾಸ. ಇತರ ಮೀನನ್ನು ತಿಂದು ಬದುಕುವ ಜಾತಿ ಇದು. ಇದೇ ರೂಪದಲ್ಲಿ ಚಿಕ್ಕದಾಗಿ, ಕಿವಿರಿನ ಹಿಂದೆ ಒಂದು ಕಪ್ಪು ಬೊಟ್ಟು ಇದ್ದರೆ ಅದು ಗೊದ್ಲೆ. ಇದರ ಮಾಂಸ ಬೆಣ್ಣೆಯಂತೆ ಮೃದು. ಉದ್ದ ಮೀಸೆ, ಬೆನ್ನ ಮೇಲೊಂದು ಮುಳ್ಳು, ಕೆನ್ನೆಯ ಪಕ್ಕಕ್ಕೆ ಎರಡು ಗರಗಸದ ಮುಳ್ಳು ಇರುವ ಗೇಣುದ್ದದ ಮೀನು ಗಿರ್ಲು.

ಇನ್ನು ಕೆಸರಿನ ಮೀನುಗಳು ಎರಡು. ಇವನ್ನು ಎಲ್ಲರೂ ಬೇರೆಬೇರೆಯಾಗಿ ಗುರುತಿಸಲು ಕಲಿಯಬೇಕು. ಎರಡೂ ಕಪ್ಪು, ಎರಡಕ್ಕೂ ಎಂಟು ಮೀಸೆ, ಎರಡೂ ಮೇಲಕ್ಕೆ ಬಂದು ಗಾಳಿ ಗುಟುಕರಿಸಿ ಹೋಗುತ್ತವೆ. ಬೆನ್ನಿನ ರೆಕ್ಕೆ ಕುತ್ತಿಗೆಯಿಂದ ಬಾಲದ ತನಕ ಉದ್ದಕ್ಕೂ ಇದ್ದರೆ ಅದು ಮುರುಗೋಡು. ಬೆನ್ನ ಮೇಲೆ ಉಗುರಿನಷ್ಟು ಸಣ್ಣ ರೆಕ್ಕೆ ಒಂದೇ ಇದ್ದು, ಉಳಿದ ಬೆನ್ನು ಬೋಳಾಗಿದ್ದರೆ ಅದು ಚೇಳು ಮೀನು. ಹೆಸರೇ ಹೇಳುವಂತೆ ಅದರ ಪಕ್ಕದ ಮುಳ್ಳಿನಲ್ಲಿ ವಿಷ ಉಂಟು. ಆ ಮಾತಿಗೆ ಮತ್ತೆ ಬರುತ್ತೇನೆ.

ಈ ಮೀನುಗಳೆಲ್ಲ ಹೆಚ್ಚಾಗಿ ಕತ್ತಲಲ್ಲಿ ಮೇಯುವಂಥವು. ಕೆಸರು ನೀರಿನಲ್ಲಿ ಕಣ್ಣಿಗಿಂತ ಮೀಸೆಯೇ ಇವಕ್ಕೆ ದಾರಿ ತೋರಿಸುತ್ತದೆ. ಮೀಸೆಯಲ್ಲಿ ಮಾತ್ರವಲ್ಲ, ಮೈಮೇಲೆಲ್ಲ ಇವಕ್ಕೆ ರುಚಿ ತಿಳಿಯುವ ಶಕ್ತಿಯುಂಟು. ನಮಗೆ ನಾಲಗೆ ಹೇಗೋ ಇವಕ್ಕೆ ಇಡೀ ಚರ್ಮ ಹಾಗೆ. ಆದುದರಿಂದ ಇವಕ್ಕೆ ಹಾಕುವ ಎರೆ ಕಣ್ಣಿಗೆ ಚೆಂದವಾಗಿರುವುದಕ್ಕಿಂತ ವಾಸನೆ, ರುಚಿ ಇರುವಂಥದಾಗಿರಬೇಕು. ಬೀಡಿ ಸೇದಿದ ಕೈ, ಸೀಮೆಎಣ್ಣೆ ಮುಟ್ಟಿದ ಕೈ, ಔಷಧಿ ಹೊಡೆದ ಕೈಯಲ್ಲಿ ಎರೆ ಕಟ್ಟಿದರೆ ಮೀನು ಮುಟ್ಟಿ ನೋಡಿ ಹೊರಟುಹೋಗುತ್ತದೆ. ಮೊದಲು ಕೈಗೆ ಮಣ್ಣು ಹಚ್ಚಿ ತೊಳೆದುಕೊಳ್ಳಿ.

ಈಗ ಸಾಮಾನಿಗೆ ಬರೋಣ. ಕೋಲಿಗೆ ಬಲಿತ, ಒಣಗಿದ ಬಿದಿರು ಬೇಕು. ಎಂಟರಿಂದ ಹತ್ತು ಅಡಿ ಉದ್ದ ಸಾಕು. ಹಸಿ ಬಿದಿರು ತೂಕ ಹೆಚ್ಚು, ಬಾಗಿದರೆ ಹಾಗೇ ಉಳಿಯುತ್ತದೆ. ಪಂಪುಸೆಟ್ಟಿನ ಕರೆಂಟು ತಂತಿ ಕೆಳಗೆ ಹಾದುಹೋಗುವಾಗ ಕೋಲನ್ನು ನೆಟ್ಟಗೆ ಹಿಡಿಯಬೇಡಿ, ನೆಲಕ್ಕೆ ಸಮನಾಗಿ ಹಿಡಿದು ನಡೆಯಿರಿ. ತಂತಿ ಜೋತುಬಿದ್ದ ಜಾಗದಲ್ಲಿ ಗಾಳ ಬೀಸಲೇಬೇಡಿ.

ದಾರಕ್ಕೆ ನೈಲಾನ್ ದಾರ ಒಳ್ಳೆಯದು, ಕೆಲವು ಕಡೆ ತಂಗೂಸಿ ಎನ್ನುತ್ತಾರಲ್ಲ, ಅದೇ. ಗಿರ್ಲು, ಗೊದ್ಲೆಗೆ ಕಾಲು ಮಿಲಿಮೀಟರ್ ದಪ್ಪದ ದಾರ ಸಾಕು. ಮುರುಗೋಡಿಗೆ 0.35ರಿಂದ 0.40 ಮಿಲಿಮೀಟರ್ ಇರಲಿ. ಬಾಳೆ ಮೀನಿಗೆ ಅರ್ಧ ಮಿಲಿಮೀಟರಿಗೂ ಮೇಲೆ ಬೇಕು. ಅದರ ಹಲ್ಲು ಸಣ್ಣವಾದರೂ ಅರದ ಹಾಗೆ ಉಜ್ಜಿ ಉಜ್ಜಿ ದಾರವನ್ನು ಹರಿಯುತ್ತವೆ. ಆದ್ದರಿಂದ ಕೊಕ್ಕೆಗೂ ದಾರಕ್ಕೂ ನಡುವೆ ಒಂದು ಗೇಣು ಸಣ್ಣ ಉಕ್ಕಿನ ತಂತಿ ಹಾಕಿದರೆ ಕ್ಷೇಮ. ಹಳೆಯ ದಾರವನ್ನು ಉಗುರಿನ ಮೇಲೆ ಎಳೆದು ನೋಡಿ. ತರಿತರಿ ಸಿಕ್ಕಿದರೆ ಆ ಭಾಗ ಕತ್ತರಿಸಿ ತೆಗೆಯಿರಿ. ದಾರ ಹರಿದು ಬಾಯಲ್ಲಿ ಕೊಕ್ಕೆ ಹೊತ್ತುಹೋದ ಮೀನು ನಿಮಗೂ ಇಲ್ಲ, ಕೆರೆಗೂ ಇಲ್ಲ.

ಕೊಕ್ಕೆಯ ನಂಬರು ಹಲವರಿಗೆ ಗೊಂದಲ. ನಂಬರು ಹೆಚ್ಚಾದಷ್ಟೂ ಕೊಕ್ಕೆ ಚಿಕ್ಕದು. ಹತ್ತನೇ ನಂಬರಿಗಿಂತ ಆರನೇ ನಂಬರು ದೊಡ್ಡದು, ಆರಕ್ಕಿಂತ ನಾಲ್ಕು ದೊಡ್ಡದು. ಒಂದು ಆದ ಮೇಲೆ ಲೆಕ್ಕ ತಿರುಗುತ್ತದೆ. ನಂಬರಿನ ಮುಂದೆ ಸೊನ್ನೆ ಸೇರಿಸಿ 1/0, 2/0, 3/0 ಎಂದು ಬರೆಯುತ್ತಾರೆ. ಅಲ್ಲಿಂದ ನಂಬರು ಏರಿದಷ್ಟೂ ಕೊಕ್ಕೆಯೂ ದೊಡ್ಡದು. ಗಿರ್ಲಿಗೆ ಎಂಟನೇ ನಂಬರು, ಮುರುಗೋಡು ಮತ್ತು ದೊಡ್ಡ ಗೊದ್ಲೆಗೆ ನಾಲ್ಕನೇ ನಂಬರು, ಬಾಳೆ ಮೀನಿಗೆ 3/0 ಅಥವಾ ಅದಕ್ಕೂ ದೊಡ್ಡದು. ಇಲ್ಲಿ ತಾತನ ಮಾತು ನೆನಪಿಡಿ. ಎರಡು ನಂಬರಿನ ನಡುವೆ ಅನುಮಾನ ಬಂದರೆ ದೊಡ್ಡದನ್ನೇ ಆರಿಸಿ. ಬೆರಳುದ್ದದ ಮರಿಯ ಬಾಯಿಗೆ ಅದು ಹೋಗುವುದಿಲ್ಲ, ಮರಿ ಎರೆಯನ್ನು ಕುಕ್ಕಿ ಬಿಟ್ಟು ಹೋಗುತ್ತದೆ. ಹೋಗಲಿ, ಅದು ಮುಂದಿನ ವರ್ಷ ಬರುತ್ತದೆ.

ಈಗ ಪೇಟೆಯಲ್ಲಿ ಮೊನೆ ಒಳಕ್ಕೆ ಬಾಗಿರುವ ದುಂಡು ಕೊಕ್ಕೆಯೂ ಸಿಗುತ್ತದೆ. ಮೀನು ಎರೆ ನುಂಗಿ ಹೊರಟಾಗ ಅದು ಗಂಟಲಲ್ಲಿ ಕಚ್ಚದೆ ಜಾರಿ ಬಂದು ಬಾಯ ಮೂಲೆಯಲ್ಲಿ ಕಚ್ಚುತ್ತದೆ. ಸಣ್ಣದು ಸಿಕ್ಕರೆ ಗಾಯ ಹೆಚ್ಚಿಲ್ಲದೆ ಬಿಡಬಹುದು. ಆದರೆ ಈ ಕೊಕ್ಕೆ ಹಾಕಿದಾಗ ದಾರವನ್ನು ಸರಕ್ಕನೆ ಎಳೆಯಬಾರದು, ಮೆಲ್ಲಗೆ ಬಿಗಿಮಾಡಿದರೆ ಸಾಕು. ಸಾಧಾರಣ ಕೊಕ್ಕೆಯಾದರೆ ಮೊನೆಯ ಹಿಂದಿರುವ ಸಣ್ಣ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಆಗ ಅದು ಮೀನಿನ ಬಾಯಿಂದಲೂ ಸಲೀಸಾಗಿ ಬರುತ್ತದೆ, ನಿಮ್ಮ ಮಗನ ಬೆರಳಿಗೆ ಚುಚ್ಚಿದರೆ ಅಲ್ಲಿಂದಲೂ ಸಲೀಸಾಗಿ ಬರುತ್ತದೆ.

ಕೊಕ್ಕೆ ಕಟ್ಟುವ ಗಂಟು ಹೀಗೆ. ದಾರದ ತುದಿಯನ್ನು ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ. ಆ ತುದಿಯನ್ನು ಮೂಲ ದಾರದ ಸುತ್ತ ಐದು ಸಲ ಸುತ್ತಿ. ಬಳಿಕ ಕೊಕ್ಕೆಯ ಕಣ್ಣಿನ ಪಕ್ಕದಲ್ಲೇ ಉಂಟಾಗಿರುವ ಚಿಕ್ಕ ಕುಣಿಕೆಯಲ್ಲಿ ತುದಿಯನ್ನು ತೂರಿಸಿ. ಎಂಜಲು ಹಚ್ಚಿ ಒದ್ದೆ ಮಾಡಿ ನಿಧಾನವಾಗಿ ಬಿಗಿ ಎಳೆಯಿರಿ. ಒಣಗಿದ ನೈಲಾನನ್ನು ಎಳೆದರೆ ಅದು ಕಾವಿಗೆ ಸುಟ್ಟು, ಗಂಟಿನಲ್ಲೇ ಹರಿಯುತ್ತದೆ.

ಗಾಳ ಕಟ್ಟುವ ರೀತಿ ಮುಖ್ಯವಾಗಿ ಎರಡು. ಒಂದು ಬೆಂಡಿನ ಗಾಳ. ಒಣಗಿದ ಜೋಳದ ದಂಟಿನ ಬೆಂಡು, ನವಿಲುಗರಿಯ ದಂಟು, ಹಳೇ ಹವಾಯಿ ಚಪ್ಪಲಿಯ ತುಂಡು, ಯಾವುದಾದರೂ ಆದೀತು. ದಾರ ಕೋಲಿನಷ್ಟೇ ಉದ್ದ ಇರಲಿ. ಕೊಕ್ಕೆಗೆ ನಾಲ್ಕು ಬೆರಳು ಮೇಲೆ ಒಂದು ಸಣ್ಣ ಭಾರ ಕಟ್ಟಿ. ಮೊದಲು ಎರೆ ಹಾಕದೆ ಬಿಟ್ಟು ನೋಡಿ. ಬೆಂಡು ಅಡ್ಡ ಮಲಗಿದರೆ ದಾರ ಹೆಚ್ಚಾಯಿತು, ಭಾರ ನೆಲದಲ್ಲಿ ಕುಳಿತಿದೆ. ಬೆಂಡು ಮುಳುಗಿದರೆ ದಾರ ಸಾಲದು, ಇಲ್ಲವೇ ಭಾರ ಹೆಚ್ಚು. ಅದನ್ನು ಸರಿಸಿ ಸರಿಸಿ, ಬೆಂಡು ನೆಟ್ಟಗೆ ನಿಂತು ಎರೆ ಕೆಸರಿಗೆ ಸೋಕುವಂತೆ ಮಾಡಿ. ಮೀಸೆ ಮೀನು ತಳದಲ್ಲಿ ಹುಡುಕಾಡುತ್ತದೆ. ನಡುನೀರಿನಲ್ಲಿ ತೂಗುವ ಎರೆ ಅದರ ಮೀಸೆಗೆ ಸಿಗುವುದು ಕಡಿಮೆ.

ಎರಡನೆಯದು ತಳದ ಗಾಳ. ಇದಕ್ಕೆ ಕೋಲೂ ಬೇಡ. ಇಪ್ಪತ್ತು ಮಾರು ದಾರವನ್ನು ಒಂದು ಖಾಲಿ ಬಾಟಲಿಗೆ ಸುತ್ತಿಕೊಂಡರೆ ಆಯಿತು. ಇದರಲ್ಲಿ ಭಾರವನ್ನು ದಾರಕ್ಕೆ ಗಂಟುಹಾಕಬಾರದು. ತೂತಿರುವ ಭಾರವನ್ನು ದಾರಕ್ಕೆ ಪೋಣಿಸಿ, ಅದು ಸರಾಗವಾಗಿ ಜಾರುವಂತಿರಬೇಕು. ಕೊಕ್ಕೆಗೆ ಒಂದು ಮೊಳ ಮೇಲೆ ಒಂದು ಮಣಿ ಕಟ್ಟಿ, ಭಾರ ಅದರಿಂದ ಕೆಳಕ್ಕೆ ಇಳಿಯದಂತೆ ತಡೆಯಿರಿ. ಇದರ ಗುಟ್ಟು ಏನೆಂದರೆ, ಮೀನು ಎರೆ ಕಚ್ಚಿಕೊಂಡು ಹೊರಟಾಗ ದಾರ ಮಾತ್ರ ಭಾರದೊಳಗಿಂದ ಜಾರುತ್ತದೆ. ಮೀನಿಗೆ ಭಾರ ತಿಳಿಯುವುದಿಲ್ಲ, ಅದು ಎರೆಯನ್ನು ಉಗುಳುವುದಿಲ್ಲ. ದಾರಕ್ಕೆ ಮೇಕೆ ಕೊರಳಿನ ಒಂದು ಸಣ್ಣ ಗೆಜ್ಜೆ ಕಟ್ಟಿ ಗೂಟಕ್ಕೆ ಸಿಕ್ಕಿಸಿದರೆ ಕತ್ತಲಲ್ಲೂ ಮೀನು ಬಂದದ್ದು ಕಿವಿಗೆ ತಿಳಿಯುತ್ತದೆ.

ಭಾರಕ್ಕೆ ಸೀಸದ ಗುಂಡು ಬಳಸುವ ವಾಡಿಕೆ ಉಂಟು. ಸೀಸ ವಿಷ. ಅದನ್ನು ಹಲ್ಲಿನಲ್ಲಿ ಕಚ್ಚಿ ಬಿಗಿಮಾಡುವ ಅಭ್ಯಾಸವನ್ನು ಮಕ್ಕಳಿಗೆ ಬಿಡಿಸಲೇಬೇಕು. ನೀರಲ್ಲಿ ಕಳೆದುಹೋದ ಗುಂಡನ್ನು ನೀರುಹಕ್ಕಿಗಳು ಕಲ್ಲೆಂದು ನುಂಗಿ ಸಾಯುತ್ತವೆ. ಸೈಕಲ್ಲಿನ ಹಳೇ ನಟ್ಟು ಇದ್ದರೆ ಸಾಕು. ತೂತು ಅದರಲ್ಲೇ ಇರುತ್ತದೆ, ಖರ್ಚೂ ಇಲ್ಲ.

ರಾತ್ರಿ ಗಾಳ ಕಟ್ಟಿ ಮನೆಗೆ ಹೋಗಿ ಮಲಗುವವರಿಗೆ ಒಂದು ಮಾತು. ಹಾಗೆ ಬಿಟ್ಟ ಗಾಳಕ್ಕೆ ಆಮೆ ಸಿಕ್ಕಿಕೊಂಡು ಉಸಿರುಕಟ್ಟಿ ಸಾಯುತ್ತದೆ. ಸಿಕ್ಕ ಮೀನನ್ನು ಬೆಳಗಾಗುವಷ್ಟರಲ್ಲಿ ಏಡಿ ತಿಂದಿರುತ್ತದೆ. ಗಾಳ ಹಾಕಿದವನು ಗಾಳದ ಬಳಿ ಇರಬೇಕು. ಎದ್ದು ಹೊರಡುವಾಗ ಗಾಳವೂ ಎದ್ದು ಬರಬೇಕು. ಹಾಗೆಯೇ ಹರಿದ ನೈಲಾನ್ ತುಂಡನ್ನು ದಡದಲ್ಲಿ ಎಸೆಯಬೇಡಿ. ಅದು ಬೇಗ ಕರಗುವುದಿಲ್ಲ, ಕೊಕ್ಕರೆಯ ಕಾಲಿಗೂ ಕರುವಿನ ಗೊರಸಿಗೂ ಸುತ್ತಿಕೊಳ್ಳುತ್ತದೆ. ಸುತ್ತಿ ಕಿಸೆಗೆ ಹಾಕಿಕೊಂಡು ಬನ್ನಿ.

ಇನ್ನು ಎರೆ. ಎಲ್ಲ ಮೀಸೆ ಮೀನುಗಳಿಗೂ ಒಗ್ಗುವ ಎರೆ ಎಂದರೆ ಎರೆಹುಳು. ತಿಪ್ಪೆಯ ಪಕ್ಕದ ತಂಪು ಮಣ್ಣಿನಲ್ಲಿ, ಬಚ್ಚಲ ನೀರು ಹರಿಯುವ ಬಾಳೆಬುಡದಲ್ಲಿ ಸಿಗುತ್ತದೆ. ಬೇಕಾದಷ್ಟನ್ನು ಮಾತ್ರ ಅಗೆದುಕೊಳ್ಳಿ. ಅದು ಮಣ್ಣು ಉಳುವ ನಮ್ಮ ಜೊತೆಗಾರ. ಒಡೆದ ಮಡಕೆಯಲ್ಲಿ ಒದ್ದೆ ಮಣ್ಣು, ಕೊಳೆತ ಎಲೆ ಹಾಕಿ, ಮೇಲೆ ಹಸಿ ಗೋಣಿ ಮುಚ್ಚಿ ನೆರಳಲ್ಲಿಟ್ಟರೆ ವಾರಗಟ್ಟಲೆ ಬದುಕಿರುತ್ತದೆ. ಕೊಕ್ಕೆಗೆ ಪೋಣಿಸುವಾಗ ಕೊಕ್ಕೆಯ ಮೈ ಮುಚ್ಚುವಂತೆ ಪೋಣಿಸಿ, ತುದಿಯಲ್ಲಿ ಅರ್ಧ ಅಂಗುಲ ಅಲ್ಲಾಡಲು ಬಿಡಿ. ಮುದ್ದೆಯ ಹಾಗೆ ಗುಂಪುಕಟ್ಟಿದರೆ ಸಣ್ಣ ಮೀನು ಕುಕ್ಕಿ ಕುಕ್ಕಿ ಕಿತ್ತುಕೊಂಡು ಹೋಗುತ್ತದೆ.

ಮುರುಗೋಡಿಗೆ ಕೋಳಿಯ ಕರುಳು, ಈಲಿ ಬಲು ಪ್ರಿಯ. ಈಲಿ ಮೆತ್ತಗಿರುವುದರಿಂದ ನೀರಲ್ಲಿ ಕಳಚಿಹೋಗುತ್ತದೆ. ಒಂದು ಗಂಟೆ ಬಿಸಿಲಿಗೆ ಒಣಗಿಸಿ, ಹೊಲಿಗೆ ದಾರದಲ್ಲಿ ಕೊಕ್ಕೆಗೆ ಎರಡು ಸುತ್ತು ಸುತ್ತಿದರೆ ನಿಲ್ಲುತ್ತದೆ. ಸೀಗಡಿ ಸಿಕ್ಕರೆ ಗೊದ್ಲೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಬಾಳೆ ಮೀನಿಗೆ ಅದೇ ಕೆರೆಯ ಬೆರಳುದ್ದದ ಸಣ್ಣ ಮೀನೊಂದು ಬೇಕು. ಬೇರೆ ಕೆರೆಯಿಂದ ಜೀವಂತ ಮೀನು ತರಬೇಡಿ, ಅದರ ಜೊತೆಗೆ ರೋಗವೂ ಬರುತ್ತದೆ. ಮಾಂಸದ ಎರೆ ಮುಟ್ಟದವರು ರಾಗಿ ಮುದ್ದೆಗೆ ನೆನೆದ ಕಡಲೆಕಾಯಿ ಹಿಂಡಿ ಸೇರಿಸಿ, ಗಟ್ಟಿಯಾಗಿ ನಾದಿ, ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಬಹುದು. ಮೀಸೆ ಮೀನು ಇದಕ್ಕೆ ಎರೆಹುಳುವಿನಷ್ಟು ಬೇಗ ಬಾರದು, ಆದರೂ ಗಿರ್ಲು ಬರುತ್ತದೆ. ಕಪ್ಪೆಯನ್ನು ಮಾತ್ರ ಎರೆ ಮಾಡಬೇಡಿ. ಗದ್ದೆಯ ಹುಳುಹುಪ್ಪಟೆ ತಿಂದು ನಿಮ್ಮ ಪೈರು ಕಾಯುವ ಕಪ್ಪೆಯನ್ನು ಕೊಂದು ಒಂದು ಮೀನು ಹಿಡಿದರೆ ಅದು ಲಾಭದ ಬಾಬಲ್ಲ.

ಹೊತ್ತು ಯಾವುದು? ಸೂರ್ಯ ಮುಳುಗುವ ಮುಂಚಿನ ಅರ್ಧ ಗಂಟೆಯಿಂದ ರಾತ್ರಿ ಎಂಟೊಂಬತ್ತರ ತನಕ ಒಳ್ಳೆಯ ಹೊತ್ತು. ಮೋಡ ಮುಸುಕಿ ನೀರು ಕದಡಿದ್ದರೆ ಹಗಲಲ್ಲೂ ಬರುತ್ತದೆ. ತೂಬಿನ ಮುಂದಿನ ಆಳ, ಜೊಂಡಿನ ಅಂಚು, ಮುಳುಗಿದ ಮರದ ಬೇರಿನ ಪಕ್ಕ, ಇವು ಮೀನು ತಂಗುವ ಜಾಗಗಳು. ಒಬ್ಬರೇ ಹೋಗಬೇಡಿ. ಕೈಯಲ್ಲಿ ಬ್ಯಾಟರಿ, ಕಾಲಿಗೆ ಮೆಟ್ಟು ಇರಲಿ. ಗುಡುಗು ಕೇಳಿಸಿದ ಕೂಡಲೇ ಗಾಳ ಸುತ್ತಿ ಮನೆ ಸೇರಿ.

ಬೆಂಡಿನ ಭಾಷೆ ತಿಳಿಯಬೇಕು. ಟಕಟಕ ಎಂದು ಕುಣಿದರೆ ಗಿರ್ಲು. ಬೆಂಡು ಮುಳುಗದೆ ಮೆಲ್ಲನೆ ಒಂದು ಕಡೆಗೆ ನಡೆದುಹೊರಟರೆ ಮುರುಗೋಡು. ಬೆಂಡು ಒಮ್ಮೆಲೇ ಮಾಯವಾಗಿ ದಾರ ಸರಸರನೆ ಓಡಿದರೆ ಬಾಳೆ ಮೀನು ಎಂದು ತಿಳಿಯಿರಿ. ಕುಣಿದ ಕೂಡಲೇ ಎಳೆಯಬೇಡಿ. ಬೆಂಡು ನಡೆಯಲು ತೊಡಗಿದ ಮೇಲೆ ಒಂದು, ಎರಡು, ಮೂರು ಎಣಿಸಿ ಎಳೆಯಿರಿ. ಬಹಳ ಹೊತ್ತೂ ಬಿಡಬೇಡಿ, ಕೊಕ್ಕೆ ಹೊಟ್ಟೆಗೆ ಇಳಿದುಬಿಡುತ್ತದೆ. ದೊಡ್ಡ ಮೀನಾದರೆ ಅದು ಎಳೆದಾಗ ದಾರ ಬಿಡಿ, ಅದು ನಿಂತಾಗ ದಾರ ಸುತ್ತಿ. ದಾರವನ್ನು ಅಂಗೈಗೆ ಸುತ್ತಿಕೊಂಡು ಎಳೆಯುವುದು ಬೇಡ, ಕೈ ಕುಯ್ದುಹೋಗುತ್ತದೆ.

ಮೀನು ದಡಕ್ಕೆ ಬಂತು. ಅವಸರಪಟ್ಟು ಕೈಹಾಕಬೇಡಿ. ಯಾವ ಮೀನು ಎಂದು ಮೊದಲು ಬೆಳಕು ಹಾಕಿ ನೋಡಿ. ಗಿರ್ಲು, ಮುರುಗೋಡು ಹೆದರಿದಾಗ ಪಕ್ಕದ ಮುಳ್ಳುಗಳನ್ನು ಚಾಚಿ ಬಿಗಿಯಾಗಿ ನಿಲ್ಲಿಸುತ್ತವೆ. ಒದ್ದೆ ಬಟ್ಟೆಯಿಂದ, ಹಿಂಬದಿಯಿಂದ, ಮುಳ್ಳಿನ ಹಿಂದೆ ಬೆರಳು ಬರುವಂತೆ ಹಿಡಿಯಿರಿ. ಬೆನ್ನು ಬೋಳಾಗಿದ್ದು ಸಣ್ಣ ರೆಕ್ಕೆಯೊಂದೇ ಕಂಡರೆ ಅದು ಚೇಳು ಮೀನು. ಅದನ್ನು ಕೈಯಲ್ಲಿ ಹಿಡಿಯಲೇಬೇಡಿ. ಇಕ್ಕಳದಿಂದ ಕೊಕ್ಕೆ ಬಿಡಿಸಿ, ಆಗದಿದ್ದರೆ ದಾರವನ್ನೇ ಕತ್ತರಿಸಿ.

ಅಕಸ್ಮಾತ್ ಚುಚ್ಚಿದರೆ ಏನು ಮಾಡಬೇಕು? ಉರಿ ಪ್ರಾಣ ಹಿಂಡುವಂತಿರುತ್ತದೆ. ಕುಯ್ಯುವುದು, ಬಾಯಲ್ಲಿ ಹೀರುವುದು, ಬಿಗಿಯಾಗಿ ಕಟ್ಟುವುದು, ಸಗಣಿ ಮೆತ್ತುವುದು, ಇವು ಯಾವುದೂ ಬೇಡ. ಮುಳ್ಳಿನ ಚೂರು ಹೊರಗೆ ಕಾಣಿಸಿದರೆ ತೆಗೆದು, ಶುದ್ಧ ನೀರಿನಲ್ಲಿ ತೊಳೆಯಿರಿ. ಬಳಿಕ ಬಿಸಿನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಆ ಕೈಯನ್ನೋ ಕಾಲನ್ನೋ ಅದ್ದಿಡಿ. ಈ ಮೀನಿನ ವಿಷ ಬಿಸಿಗೆ ಬಲ ಕಳೆದುಕೊಳ್ಳುತ್ತದೆ, ನೋವು ಇಳಿಯುತ್ತದೆ. ಆದರೆ ನೀರು ಕುದಿಯುವಷ್ಟು ಬಿಸಿ ಇರಬಾರದು. ಸುಮಾರು 45 ಡಿಗ್ರಿ, ಎಂದರೆ ಚೆನ್ನಾಗಿರುವ ಇನ್ನೊಂದು ಕೈ ತಡೆದುಕೊಳ್ಳುವಷ್ಟು. ಚುಚ್ಚಿಸಿಕೊಂಡ ಕೈಗೆ ಬಿಸಿಯ ಅಂದಾಜು ತಿಳಿಯುವುದಿಲ್ಲ, ಆದ್ದರಿಂದ ಯಾವಾಗಲೂ ಒಳ್ಳೆಯ ಕೈಯಿಂದಲೇ ನೋಡಿ. ಮಕ್ಕಳಿಗಾದರೆ ದೊಡ್ಡವರು ತಮ್ಮ ಕೈಯಿಟ್ಟು ನೋಡಬೇಕು. ಅನಂತರ ಆಸ್ಪತ್ರೆಗೆ ಹೋಗಿ ಗಾಯ ತೋರಿಸಿ, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಳ್ಳಿ. ಉಸಿರಾಟಕ್ಕೆ ತೊಂದರೆಯಾದರೆ, ತಲೆ ಸುತ್ತಿದರೆ, ಬಾವು ಏರುತ್ತ ಹೋದರೆ ಬಿಸಿನೀರಿಗೆ ಕಾಯದೆ ಕೂಡಲೇ ಹೊರಡಿ.

ಈಗ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಮಾತು. ಎರಡಡಿ ತುಂಬದ ಬಾಳೆ ಮೀನು ಇನ್ನೂ ಎಳೆಯದು, ಬಿಟ್ಟುಬಿಡಿ. ಒಂದು ಕಾಲಕ್ಕೆ ಎಲ್ಲೆಲ್ಲೂ ಇದ್ದ ಈ ಮೀನು ಇಂದು ಅಳಿವಿನ ಭಯವಿರುವ ಜೀವಿಗಳ ಪಟ್ಟಿ ಸೇರಿದೆ. ಗೇಣುದ್ದವಿಲ್ಲದ ಮುರುಗೋಡನ್ನೂ ಬಿಡಿ. ಬಿಡುವಾಗ ಕೈ ಒದ್ದೆ ಮಾಡಿಕೊಂಡು ಮುಟ್ಟಿ, ಮೈಮೇಲಿನ ಲೋಳೆ ಹೋದರೆ ಅದಕ್ಕೆ ಹುಣ್ಣಾಗುತ್ತದೆ. ಕೊಕ್ಕೆ ಗಂಟಲಿಗಿಳಿದಿದ್ದರೆ ಕೀಳಬೇಡಿ, ಬಾಯ ಹತ್ತಿರ ದಾರ ಕತ್ತರಿಸಿ ಬಿಡಿ. ಕಿತ್ತರೆ ಖಂಡಿತ ಸಾಯುತ್ತದೆ, ಕತ್ತರಿಸಿದರೆ ಬದುಕುವ ಸಂಭವ ಉಂಟು.

ಮುಂಗಾರು ಹಿಡಿದು ಹೊಸ ನೀರು ಬಂದಾಗ ಮೀನು ಕೆರೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುತ್ತದೆ. ಮಲೆನಾಡಿನಲ್ಲಿ ಹತ್ತುಮೀನು ಎನ್ನುವುದು ಇದನ್ನೇ. ಅವು ನಮಗೆ ಸಿಗಲೆಂದು ಹತ್ತಿ ಬರುವುದಲ್ಲ, ಮೊಟ್ಟೆಯಿಡಲು ಬರುತ್ತವೆ. ದೊಡ್ಡದೊಂದು ಹೆಣ್ಣು ಬಾಳೆ ಮೀನಿನ ಹೊಟ್ಟೆಯಲ್ಲಿ ಮೊಟ್ಟೆಯ ಲೆಕ್ಕ ಲಕ್ಷ ಮುಟ್ಟುತ್ತದೆ. ಬಿತ್ತನೆಯ ಕಾಳನ್ನು ಹುರಿದು ತಿನ್ನುವ ರೈತನನ್ನು ನಾವು ಏನೆನ್ನುತ್ತೇವೆ? ಮಳೆ ಹಿಡಿದ ಮೊದಲ ಒಂದೆರಡು ತಿಂಗಳು ಗಾಳವನ್ನು ಅಟ್ಟದ ಮೇಲಿಡಿ. ಹೇಗೂ ಆಗ ಹೊಲದಲ್ಲಿ ಕೈತುಂಬ ಕೆಲಸ.

ಒಂದು ಮೀನನ್ನು ಮಾತ್ರ ಎಂದೂ ನೀರಿಗೆ ಮರಳಿ ಬಿಡಬಾರದು. ಅದು ಆಫ್ರಿಕಾದ ಕ್ಯಾಟ್‌ಫಿಶ್. ನೋಡಲು ಮುರುಗೋಡಿನ ಅಣ್ಣನಂತೆ. ಆದರೆ ನಮ್ಮ ಮುರುಗೋಡು ಒಂದೂವರೆ ಅಡಿ ಮೀರುವುದು ಅಪರೂಪ, ಅದು ಹಲವು ಕಿಲೋ ತೂಗುವವರೆಗೆ ಬೆಳೆಯುತ್ತದೆ. ಸಿಕ್ಕಿದ್ದನ್ನೆಲ್ಲ ನುಂಗಿ ನಾಡ ಮೀನಿನ ಸಂತಾನ ತೆಗೆಯುತ್ತದೆ. ಇದರ ಸಾಕಣೆಗೆ ದೇಶದಲ್ಲಿ ನಿಷೇಧವಿದೆ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವೂ ಇದನ್ನು ನಾಶಪಡಿಸಬೇಕೆಂದು ನಿರ್ದೇಶಿಸಿತು. "ಬೇಗ ಬೆಳೀತದೆ" ಎಂದು ಯಾರಾದರೂ ಇದರ ಮರಿ ತಂದುಕೊಟ್ಟರೆ ಹೊಂಡಕ್ಕೆ ಬಿಡಬೇಡಿ. ಮಳೆಗೆ ಹೊಂಡ ತುಂಬಿದ ದಿನ ಅದು ಕೆರೆ ಸೇರುತ್ತದೆ.

ಕಾನೂನಿನ ಮಾತು ಎರಡು. ನೀರಿಗೆ ವಿಷ ಹಾಕಿ, ಸಿಡಿಮದ್ದು ಸಿಡಿಸಿ ಮೀನು ಹಿಡಿಯುವುದನ್ನು 1897ರಷ್ಟು ಹಿಂದೆಯೇ ಕಾಯಿದೆ ಅಪರಾಧವೆಂದಿತು. ನಮ್ಮ ರಾಜ್ಯದ 1996ರ ಒಳನಾಡು ಮೀನುಗಾರಿಕೆ ಕಾಯಿದೆಯೂ ಅದನ್ನೇ ಹೇಳುತ್ತದೆ. ಇನ್ನೊಂದು, ಅನೇಕ ಕೆರೆಗಳ ಮೀನು ಪಾಶುವಾರು ಹಕ್ಕನ್ನು ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ. ಅವರು ದುಡ್ಡು ಕಟ್ಟಿ ಮರಿ ಬಿಟ್ಟಿರುತ್ತಾರೆ. ಅಂಥ ಕೆರೆಯಲ್ಲಿ ಗಾಳ ಹಾಕುವ ಮುಂಚೆ ಅವರನ್ನು ಕೇಳಿ. ಪಂಚಾಯಿತಿಯಲ್ಲಿ, ತಾಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿದರೆ ಯಾವ ಕೆರೆ ಯಾರದೆಂದು ತಿಳಿಯುತ್ತದೆ.

ಬಂಧುಗಳೇ, ನಮ್ಮೂರ ಕೆರೆಯ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಮೂರು ಮಳೆಗಾಲ ಬೆಂಡು ಅಲ್ಲಾಡಲಿಲ್ಲ ಎಂದೆನಲ್ಲ, ನಾಲ್ಕನೆಯ ವರ್ಷ ಮೇಲಿನ ಕೆರೆ ಕೋಡಿ ಬಿದ್ದು, ಆ ನೀರಿನ ಜೊತೆಗೆ ಮೀನು ನಮ್ಮ ಕೆರೆಗೆ ಇಳಿಯಿತು. ಮೇಲೂರಿನವರು ತಮ್ಮ ಕೆರೆಗೆ ವಿಷ ಹಾಕಿರಲಿಲ್ಲ, ಅದಕ್ಕೇ ನಮಗೂ ಮೀನು ಬಂತು. ಸುಗ್ಗಿ ಕಳೆದ ಒಂದು ಸಂಜೆ ತಾತನ ಗಾಳಕ್ಕೆ ಒಂದು ಮುರುಗೋಡು ಸಿಕ್ಕಿತು. ಅಂಗೈಯಷ್ಟು ಉದ್ದ. ತಾತ ಕೈ ಒದ್ದೆ ಮಾಡಿಕೊಂಡು ಕೊಕ್ಕೆ ಬಿಡಿಸಿ, ಅದನ್ನು ಮತ್ತೆ ನೀರಿಗೆ ಇಳಿಸಿದರು. ನಾನು ಬಾಯಿ ಬಿಡುವ ಮುಂಚೆಯೇ, "ಬರ್ಲಿ ಬಿಡೋ, ದೊಡ್ಡದಾಗಿ ಬರ್ಲಿ" ಎಂದರು.

ಈ ಸಂಜೆ ಕೆರೆಗೆ ಹೊರಡುವವರು ಕೊಕ್ಕೆಯನ್ನು ಒಂದು ನಂಬರು ದೊಡ್ಡದು ಮಾಡಿಕೊಳ್ಳಿ. ಕಿಸೆಯಲ್ಲಿ ಒಂದು ಇಕ್ಕಳ ಇಟ್ಟುಕೊಳ್ಳಿ. ಮನೆಯ ಸಾರಿಗೆ ಎಷ್ಟು ಬೇಕೋ ಅಷ್ಟು ಸಿಕ್ಕಿದ ಮೇಲೆ ಗಾಳ ಸುತ್ತಿ ಎದ್ದು ಬನ್ನಿ. ಉಳಿದದ್ದು ಕೆರೆಯಲ್ಲೇ ಇರಲಿ.